ವೋಲ್ಟೇಜ್ ನಿಯಂತ್ರಿತ ಆಂದೋಲಕಗಳಲ್ಲಿ ಫೇಸ್ ನಾಯ್ಸ್

ಫೇಸ್ ನಾಯ್ಸ್ ಅಥವಾ ಪ್ರಾವಸ್ಥಾ ಗದ್ದಲ ಎಂದರೆ ಎಲೆಕ್ಟ್ರಾನಿಕ್ ಆಂದೋಲಕವೊಂದರ ಸಂಕೇತದ ಪ್ರಾವಸ್ಥೆಯಲ್ಲಿ ಕ್ಷಣಕ್ಷಣಕ್ಕೂ ಉಂಟಾಗುವ ಅನಿಯತ ಏರಿಳಿತ. ಆದರ್ಶ ಆಂದೋಲಕದ ಶಕ್ತಿಯೆಲ್ಲವೂ ಒಂದೇ ಆವೃತ್ತಿಯಲ್ಲಿ ಇರಬೇಕು. ವಾಸ್ತವದಲ್ಲಿ ಅದರ ಒಂದಂಶವು ಇಕ್ಕೆಲಗಳಿಗೂ ಚೆದುರುವುದರಿಂದ, ರೋಹಿತದಲ್ಲಿ ಚೂಪಾದ ಗೆರೆಯ ಬದಲು ಬುಡ ಅಗಲವಾದ ಶಿಖರವು ಕಾಣಿಸುತ್ತದೆ. ಸ್ಥಿರ ಆವೃತ್ತಿಯ ಕ್ವಾರ್ಟ್ಜ್ ಸ್ಫಟಿಕ ಆಂದೋಲಕಗಳಲ್ಲಿ ಈ ದೋಷ ಅತ್ಯಲ್ಪ. ಆದರೆ ರೇಡಿಯೋ, ಮೊಬೈಲ್ ದೂರವಾಣಿ ಮತ್ತು ರಾಡಾರ್‌ಗಳಲ್ಲಿ ಆವೃತ್ತಿಯನ್ನು ಬೇಕಾದಂತೆ ಬದಲಿಸಬಲ್ಲ ಆಂದೋಲಕಗಳೇ ಬೇಕು. ಆವೃತ್ತಿಯನ್ನು ಬದಲಿಸಲು ತೆರೆದ ಬಾಗಿಲಿನಿಂದಲೇ ಗದ್ದಲವೂ ಒಳಬರುತ್ತದೆ ಎಂಬುದು ಇವುಗಳ ವಿನ್ಯಾಸದ ಮೂಲ ತೊಡಕು.

ಪರಿಣಾಮಗಳು

ರೇಡಿಯೋ ಗ್ರಾಹಕದಲ್ಲಿ, ಕೇಳಬೇಕಾದ ದುರ್ಬಲ ಕೇಂದ್ರದ ಪಕ್ಕದಲ್ಲೇ ಪ್ರಬಲ ಕೇಂದ್ರವೊಂದು ಪ್ರಸಾರ ಮಾಡುತ್ತಿದ್ದರೆ, ಸ್ಥಳೀಯ ಆಂದೋಲಕದ ಗದ್ದಲವು ಆ ಪ್ರಬಲ ಸಂಕೇತದೊಡನೆ ಬೆರೆತು ದುರ್ಬಲ ಕೇಂದ್ರದ ಮೇಲೆ ಕವಿಯುತ್ತದೆ. ಸೋಸುಕ ಎಷ್ಟೇ ಉತ್ತಮವಾಗಿದ್ದರೂ ಇದನ್ನು ಅನಂತರ ಬೇರ್ಪಡಿಸಲಾಗದು. ಡಾಪ್ಲರ್ ರಾಡಾರ್‌ನಲ್ಲಿಯೂ ಹೀಗೆಯೇ: ಬೆಟ್ಟ, ಕಟ್ಟಡಗಳಿಂದ ಮರಳುವ ಬಲವಾದ ಪ್ರತಿಫಲನದ ಗದ್ದಲದಲ್ಲಿ, ನಿಧಾನವಾಗಿ ಚಲಿಸುವ ಸಣ್ಣ ವಸ್ತುವಿನ ಸಂಕೇತ ಮುಳುಗಿಹೋಗುತ್ತದೆ.

ಅಳತೆ ಮತ್ತು ಲೀಸನ್ ಮಾದರಿ

ಮುಖ್ಯ ಆವೃತ್ತಿಯಿಂದ ಇಂತಿಷ್ಟು ದೂರದಲ್ಲಿ, 1 ಹರ್ಟ್ಸ್ ಅಗಲದ ಪಟ್ಟಿಯಲ್ಲಿರುವ ಗದ್ದಲದ ಶಕ್ತಿಯನ್ನು ಮುಖ್ಯ ಸಂಕೇತದ ಶಕ್ತಿಯೊಡನೆ ಹೋಲಿಸಿ, ಡೆಸಿಬೆಲ್‌ಗಳಲ್ಲಿ ಫೇಸ್ ನಾಯ್ಸನ್ನು ಹೇಳಲಾಗುತ್ತದೆ. 10 ಕಿಲೋಹರ್ಟ್ಸ್ ದೂರದಲ್ಲಿ ಅದು −100 ಡೆಸಿಬೆಲ್ ಎಂದರೆ, ಆ ಕಿರುಪಟ್ಟಿಯಲ್ಲಿರುವ ಶಕ್ತಿ ಮುಖ್ಯ ಸಂಕೇತದ ಸಾವಿರ ಕೋಟಿಯಲ್ಲಿ ಒಂದು ಪಾಲು. ದೂರವನ್ನು ಹೇಳದೆ ಬರಿಯ ಸಂಖ್ಯೆಯನ್ನು ಕೊಟ್ಟರೆ ಅದಕ್ಕೆ ಅರ್ಥವಿಲ್ಲ.

1966ರಲ್ಲಿ ಅಮೆರಿಕದ ಡೇವಿಡ್ ಲೀಸನ್ ಪ್ರಕಟಿಸಿದ ಸರಳ ಮಾದರಿಯು ಇಂದಿಗೂ ಈ ವಿಷಯದ ಪ್ರವೇಶದ್ವಾರವಾಗಿದೆ. ಅದರಂತೆ, ಸುರುಳಿ ಮತ್ತು ಕೆಪಾಸಿಟರ್‌ಗಳಿಂದಾದ ಅನುರಣನ ಮಂಡಲದ ಗುಣಾಂಕ, ಅಂದರೆ ಕ್ಯೂ, ಇಮ್ಮಡಿಯಾದರೆ ಗದ್ದಲವು 6 ಡೆಸಿಬೆಲ್‌ನಷ್ಟು ತಗ್ಗುತ್ತದೆ. ಮಂಡಲದಲ್ಲಿನ ಸಂಕೇತಶಕ್ತಿ ಇಮ್ಮಡಿಯಾದರೆ 3 ಡೆಸಿಬೆಲ್. ಮುಖ್ಯ ಆವೃತ್ತಿಯಿಂದ ಹತ್ತುಪಟ್ಟು ದೂರ ಸರಿದಂತೆಲ್ಲ ಗದ್ದಲವು 20 ಡೆಸಿಬೆಲ್ ಇಳಿಯುತ್ತದೆ. ತೀರ ಸಮೀಪದಲ್ಲಿ ಟ್ರಾನ್ಸಿಸ್ಟರಿನ ಫ್ಲಿಕರ್ ಗದ್ದಲವೂ ಸೇರುವುದರಿಂದ ಈ ಇಳಿಜಾರು 30 ಡೆಸಿಬೆಲ್ ಆಗುತ್ತದೆ. ಫ್ಲಿಕರ್ ಗದ್ದಲವು ಬೈಪೋಲಾರ್ ಟ್ರಾನ್ಸಿಸ್ಟರ್‌ಗಳಲ್ಲಿ ಸಾಮಾನ್ಯವಾಗಿ ಕಡಿಮೆ, ಮಾಸ್‌ಫೆಟ್ ಮತ್ತು ಗ್ಯಾಲಿಯಂ ಆರ್ಸೆನೈಡ್ ಸಾಧನಗಳಲ್ಲಿ ಹೆಚ್ಚು.

ನಿಯಂತ್ರಣ ತಂತಿಯ ಪಾತ್ರ

ಲೀಸನ್ ಮಾದರಿಯಷ್ಟನ್ನೇ ನಂಬಿದವರು ಎಡವುವುದು ಇಲ್ಲಿ. ಇಂತಹ ಆಂದೋಲಕದಲ್ಲಿ ಆವೃತ್ತಿಯನ್ನು ಬದಲಿಸುವುದು ಸಾಮಾನ್ಯವಾಗಿ ವರಾಕ್ಟರ್ ಡಯೋಡ್. ಅದಕ್ಕೆ ಕೊಡುವ ವೋಲ್ಟೇಜ್ ಬದಲಾದಂತೆ ಅದರ ಧಾರಕತೆಯೂ ಬದಲಾಗುತ್ತದೆ. ಆದರೆ ವಿನ್ಯಾಸಕಾರನು ಕೊಟ್ಟ ವೋಲ್ಟೇಜ್ ಯಾವುದು, ಗದ್ದಲದಿಂದ ಬಂದದ್ದು ಯಾವುದು ಎಂಬುದು ಡಯೋಡಿಗೆ ತಿಳಿಯದು.

ಉದಾಹರಣೆಗೆ, ನಿಯಂತ್ರಣ ತಂತಿಯಲ್ಲಿ 10 ಕಿಲೋ ಓಮ್‌ನ ರೆಸಿಸ್ಟರ್ ಒಂದಿದೆ ಎಂದುಕೊಳ್ಳಬಹುದು. ಕೋಣೆಯ ಉಷ್ಣತೆಯಲ್ಲಿ ಅದರೊಳಗಿನ ಎಲೆಕ್ಟ್ರಾನುಗಳ ಚಲನೆಯಿಂದಲೇ, 1 ಹರ್ಟ್ಸ್ ಪಟ್ಟಿಯಲ್ಲಿ ಸುಮಾರು 13 ನ್ಯಾನೋವೋಲ್ಟ್ ಗದ್ದಲ ಹುಟ್ಟುತ್ತದೆ. ಆಂದೋಲಕದ ಸೂಕ್ಷ್ಮತೆ ವೋಲ್ಟಿಗೆ 10 ಮೆಗಾಹರ್ಟ್ಸ್ ಆಗಿದ್ದರೆ, ಇಷ್ಟರಿಂದಲೇ ಆವೃತ್ತಿಯು 0.13 ಹರ್ಟ್ಸ್‌ನಷ್ಟು ಅಲುಗಾಡುತ್ತದೆ. ಲೆಕ್ಕ ಮಾಡಿದರೆ, 10 ಕಿಲೋಹರ್ಟ್ಸ್ ದೂರದಲ್ಲಿ ಇದು ಸುಮಾರು −101 ಡೆಸಿಬೆಲ್ ಫೇಸ್ ನಾಯ್ಸ್‌ಗೆ ಸಮ. ಅನುರಣನ ಮಂಡಲ ಎಷ್ಟೇ ಶ್ರೇಷ್ಠವಾಗಿದ್ದರೂ ಈ ಮಿತಿಯನ್ನು ದಾಟಲಾಗದು. ಅಗ್ಗದ ಒಂದು ರೆಸಿಸ್ಟರ್ ದುಬಾರಿ ಸುರುಳಿಯ ಶ್ರಮವನ್ನೆಲ್ಲ ಹಾಳುಮಾಡಬಲ್ಲದು. ಅದೇ ಜಾಗದಲ್ಲಿ 1 ಕಿಲೋ ಓಮ್ ಇಟ್ಟರೆ 10 ಡೆಸಿಬೆಲ್ ಲಾಭ. ಸೂಕ್ಷ್ಮತೆಯನ್ನು ಹತ್ತನೆಯ ಒಂದಕ್ಕೆ ಇಳಿಸಿದರೆ 20 ಡೆಸಿಬೆಲ್ ಲಾಭ.

ಆದರೆ ಸೂಕ್ಷ್ಮತೆಯನ್ನು ಇಳಿಸಿದರೆ ಆಂದೋಲಕವು ಕ್ರಮಿಸಬಲ್ಲ ಆವೃತ್ತಿಗಳ ವ್ಯಾಪ್ತಿಯೂ ಕುಗ್ಗುತ್ತದೆ. ಇದಕ್ಕೆ ಬಳಕೆಯಲ್ಲಿರುವ ಪರಿಹಾರವೆಂದರೆ ವ್ಯಾಪ್ತಿಯನ್ನು ಹಲವು ಪಟ್ಟಿಗಳಾಗಿ ಒಡೆಯುವುದು. ಸ್ವಿಚ್‌ಗಳ ಮೂಲಕ ಜೋಡಿಸುವ ಸ್ಥಿರ ಕೆಪಾಸಿಟರ್‌ಗಳು ದೊಡ್ಡ ಹೆಜ್ಜೆಗಳನ್ನು ಇಡುತ್ತವೆ, ಚಿಕ್ಕ ವರಾಕ್ಟರ್ ಆ ಹೆಜ್ಜೆಗಳ ನಡುವಣ ಅಂತರವನ್ನಷ್ಟೇ ತುಂಬುತ್ತದೆ. ಇಂದಿನ ರೇಡಿಯೋ ಚಿಪ್‌ಗಳಲ್ಲಿ ಈ ಏರ್ಪಾಡು ಸರ್ವೇಸಾಮಾನ್ಯ.

ವರಾಕ್ಟರಿಗೆ ಇನ್ನೊಂದು ದೌರ್ಬಲ್ಯವೂ ಇದೆ. ಆಂದೋಲನದ ಪಾರ ಹೆಚ್ಚು ಕಡಿಮೆಯಾದರೆ ಅದರ ಸರಾಸರಿ ಧಾರಕತೆಯೂ ಬದಲಾಗಿ, ಪಾರದ ಗದ್ದಲವು ಪ್ರಾವಸ್ಥೆಯ ಗದ್ದಲವಾಗಿ ಮಾರ್ಪಡುತ್ತದೆ. ಎರಡು ಡಯೋಡ್‌ಗಳನ್ನು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಸರಣಿಯಾಗಿ ಜೋಡಿಸಿದರೆ ಈ ಪರಿಣಾಮ ಬಹುಮಟ್ಟಿಗೆ ಪರಸ್ಪರ ರದ್ದಾಗುತ್ತದೆ. ಕಡಿಮೆ ವೋಲ್ಟೇಜಿನಲ್ಲಿ ಡಯೋಡಿನ ಕ್ಯೂ ಕುಸಿಯುವುದರಿಂದ ಆ ಭಾಗವನ್ನು ಬಳಸದಿರುವುದು ಲೇಸು.

ವಿದ್ಯುತ್ ಪೂರೈಕೆಯಿಂದಲೂ ಗದ್ದಲ ಬರುತ್ತದೆ. ಆಂದೋಲಕವನ್ನು ತಾತ್ಕಾಲಿಕವಾಗಿ ಬ್ಯಾಟರಿಯಿಂದ ನಡೆಸಿ ನೋಡುವುದು ಸುಲಭವಾದ ಪರೀಕ್ಷೆ: ಗದ್ದಲ ತಗ್ಗಿದರೆ ದೋಷ ಪೂರೈಕೆಯಲ್ಲಿದೆ.

ಗದ್ದಲ ತಗಲುವ ಗಳಿಗೆ

ಗಡಿಯಾರದ ಲೋಲಕವನ್ನು ಅದು ಅತಿ ವೇಗವಾಗಿ ಸಾಗುವ ನಡುಬಿಂದುವಿನಲ್ಲಿ ಮೆಲ್ಲಗೆ ತಟ್ಟಿದರೆ ಪಾರ ಮಾತ್ರ ಬದಲಾಗುತ್ತದೆ. ತುದಿಯಲ್ಲಿ ತಟ್ಟಿದರೆ ಕಾಲವೇ ತಪ್ಪುತ್ತದೆ. ಖಗೋಳಜ್ಞ ಜಾರ್ಜ್ ಏರಿ 19ನೆಯ ಶತಮಾನದ ಪೂರ್ವಾರ್ಧದಲ್ಲೇ ಗಡಿಯಾರಗಳಿಗೆ ಸಂಬಂಧಿಸಿ ಇದನ್ನು ಗಣಿತದಿಂದ ವಿವರಿಸಿದ್ದನು. 1998ರಲ್ಲಿ ಅಲಿ ಹಾಜಿಮಿರಿ ಮತ್ತು ಥಾಮಸ್ ಲೀ ಇದಕ್ಕೆ ಸಂವಾದಿಯಾದ ವಿಚಾರವನ್ನು ಎಲೆಕ್ಟ್ರಾನಿಕ್ ಆಂದೋಲಕಗಳ ವಿಷಯದಲ್ಲಿ ಮಂಡಿಸಿದರು. ಕೆಪಾಸಿಟರಿನ ವೋಲ್ಟೇಜ್ ಶಿಖರದಲ್ಲಿರುವಾಗ ಬಂದ ವಿದ್ಯುದಂಶದ ತಟ್ಟು ಪ್ರಾವಸ್ಥೆಯನ್ನು ಕದಲಿಸುವುದಿಲ್ಲ. ಸೊನ್ನೆಯನ್ನು ದಾಟುವಾಗ ಬಂದದ್ದು ಅತಿ ಹೆಚ್ಚು ಕದಲಿಸುತ್ತದೆ. ಕೋಲ್ಪಿಟ್ಸ್ ಮಂಡಲದಲ್ಲಿ ಟ್ರಾನ್ಸಿಸ್ಟರ್ ವೋಲ್ಟೇಜಿನ ಕನಿಷ್ಠ ಬಿಂದುವಿನ ಬಳಿ, ಅಲ್ಪಕಾಲ ಮಾತ್ರ ವಿದ್ಯುತ್ತನ್ನು ಹರಿಸುತ್ತದೆ. ಆ ಹಳೆಯ ಮಂಡಲವು ಕಡಿಮೆ ಗದ್ದಲಕ್ಕೆ ಹೆಸರಾದುದರ ಕಾರಣ ಇದರಿಂದ ಸ್ಪಷ್ಟವಾಯಿತು. ಅಲೆಯ ಆಕಾರವನ್ನು ಸಮಮಿತಿಯಲ್ಲಿರಿಸಿದರೆ ಫ್ಲಿಕರ್ ಗದ್ದಲದ ಪ್ರಭಾವ ತಗ್ಗುತ್ತದೆ ಎಂಬುದೂ ಇದೇ ಸಿದ್ಧಾಂತದ ಫಲ.

ಫೇಸ್ ಲಾಕ್ಡ್ ಲೂಪ್

ಆಂದೋಲಕವನ್ನು ಸ್ಫಟಿಕದ ಸ್ಥಿರ ಸಂಕೇತದೊಡನೆ ನಿರಂತರ ಹೋಲಿಸಿ ತಿದ್ದುವ ಈ ವ್ಯವಸ್ಥೆಯು ಮುಖ್ಯ ಆವೃತ್ತಿಯ ಸಮೀಪದ ಗದ್ದಲವನ್ನು ಅಡಗಿಸುತ್ತದೆ. ಆದರೆ ಸ್ಫಟಿಕದ ಗದ್ದಲವೂ ಗುಣಾಕಾರಗೊಳ್ಳುತ್ತದೆ: 10 ಮೆಗಾಹರ್ಟ್ಸ್‌ನಿಂದ 1 ಗಿಗಾಹರ್ಟ್ಸ್ ಪಡೆದರೆ ಅದು 40 ಡೆಸಿಬೆಲ್ ಏರುತ್ತದೆ. ಲೂಪಿನ ಪಟ್ಟಿಯಗಲದ ಆಚೆಗೆ ಆಂದೋಲಕದ ಸ್ವಂತ ಗದ್ದಲ ಹಾಗೆಯೇ ಉಳಿಯುತ್ತದೆ. ಆದ್ದರಿಂದ, ಗುಣಿತಗೊಂಡ ಸ್ಫಟಿಕದ ಗದ್ದಲವೂ ಆಂದೋಲಕದ ಗದ್ದಲವೂ ಸಮನಾಗುವ ಬಿಂದುವಿನ ಆಸುಪಾಸಿನಲ್ಲಿ ಲೂಪಿನ ಪಟ್ಟಿಯಗಲವನ್ನು ಇರಿಸುವುದು ವಾಡಿಕೆ.