ರಣಜಿ ಕಪ್ ಕೈತಪ್ಪಿದ್ದು ಎಲ್ಲಿಂದ?

'ಹುಡುಗ ಚಲೋ ಆಡ್ತಾನ, ಬೆಂಗಳೂರಿಗೆ ಕಳಿಸ್ರಿ.' ಬಳ್ಳಾರಿಯ ಗಾಂಧಿನಗರದಲ್ಲಿ ಕ್ರಿಕೆಟ್ ಕಿಟ್ ಹೊತ್ತು ತಿರುಗುವ ಮಗನಿರುವ ಮನೆಗೆ ಸಿಗುವ ಸಲಹೆ ಇದೊಂದೇ. ಹದಿನಾಲ್ಕರ ಹುಡುಗ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಬೇಕು, ಬೆಂಗಳೂರಿನಲ್ಲಿ ರೂಮು ಹಿಡಿಯಬೇಕು, ಅಲ್ಲಿನ ಕ್ಲಬ್‌ನವರ ಕಣ್ಣಿಗೆ ಬೀಳಬೇಕು. ಆ ಖರ್ಚು ಹೊರಲಾಗದ ಮನೆಯ ಹುಡುಗನ ಆಟ ಇಲ್ಲೇ ಮುಗಿಯುತ್ತದೆ.

ಇದು ಬಳ್ಳಾರಿಯೊಂದರ ನೋವಲ್ಲ. ಎಂಟು ಬಾರಿ ರಣಜಿ ಗೆದ್ದ ಕರ್ನಾಟಕ, 2015-16ರಿಂದ 2024-25ರವರೆಗೆ ನಡೆದ ಒಂಬತ್ತು ಟೂರ್ನಿಗಳಲ್ಲಿ ಒಂದು ಸಲವೂ ಕಪ್ ಎತ್ತಲಿಲ್ಲ. ಆ ಬರ ಎಲ್ಲಿಂದ ಬಂತೆಂದು ಹುಡುಕಹೊರಟರೆ ದಾರಿ ಜಿಲ್ಲೆಗಳ ನೆಟ್‌ಗಳಿಗೇ ಬಂದು ಮುಟ್ಟುತ್ತದೆ.

ಗೆದ್ದ ಕಾಲದಲ್ಲಿ

ಸತತ 15 ವರ್ಷ ಚಾಂಪಿಯನ್ ಆಗಿದ್ದ ಬಾಂಬೆಯ ಓಟವನ್ನು 1974ರ ಸೆಮಿಫೈನಲ್‌ನಲ್ಲಿ ನಿಲ್ಲಿಸಿದ್ದು ಎರಪಳ್ಳಿ ಪ್ರಸನ್ನ ನಾಯಕತ್ವದ ಕರ್ನಾಟಕ. ಆ ಪೀಳಿಗೆಯ ಜಿ.ಆರ್. ವಿಶ್ವನಾಥ್ ಹುಟ್ಟಿದ್ದು ಭದ್ರಾವತಿಯಲ್ಲಿ. ಮೂರು ಕಪ್ ತಂದ ತೊಂಬತ್ತರ ದಶಕದಲ್ಲಿ ಜಾವಗಲ್ ಶ್ರೀನಾಥ್ ಮೈಸೂರಿನಿಂದ ಬಂದರು, ಸುನಿಲ್ ಜೋಶಿ ಗದಗಿನಿಂದ. ಬಾಲಕ ಜೋಶಿ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಗದಗಿಗೆ ಮರಳುತ್ತಿದ್ದರು. ಅವರೇ 1995-96ರ ಒಂದೇ ಋತುವಿನಲ್ಲಿ 500 ರನ್, 50 ವಿಕೆಟ್ ಎರಡನ್ನೂ ದಾಟಿದರು. ಹತ್ತಿರದಲ್ಲೊಂದು ಹುಬ್ಬಳ್ಳಿ ಇದ್ದದ್ದರಿಂದ ಗದಗಿನ ಹುಡುಗ ಉಳಿದ.

ನಮ್ಮ ಬಳ್ಳಾರಿ-ರಾಯಚೂರು ಭಾಗದ ಹುಡುಗನಿಗೆ ಅಂಥ ಹುಬ್ಬಳ್ಳಿ ಇರಲಿಲ್ಲ. ರಾಯಚೂರಿನ ಯೆರೆ ಗೌಡರ ಬ್ಯಾಟಿಂಗ್ ಅರಳಿದ್ದು ರೈಲ್ವೇಸ್ ತಂಡದಲ್ಲಿ. 2001-02 ಮತ್ತು 2004-05ರಲ್ಲಿ ರೈಲ್ವೇಸ್ ರಣಜಿ ಗೆದ್ದಾಗ ಆ ಮಧ್ಯಮ ಕ್ರಮಾಂಕದ ಆಧಾರ ಅವರು. ಅವರು ಕರ್ನಾಟಕಕ್ಕೆ ಮರಳಿ ನಾಯಕರಾದದ್ದು, ಮುಂದೆ ಕೋಚ್ ಆದದ್ದು ನಮ್ಮ ಭಾಗ್ಯ. ಆದರೆ ಅವರ ಬಾಳಿನ ಒಳ್ಳೆಯ ರನ್‌ಗಳು ಬೇರೆಯವರ ಖಾತೆಗೆ ಹೋದವು.

2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದ ಫೈನಲ್‌ನಲ್ಲಿ ಮುಂಬೈ ಎದುರು ಆರೇ ರನ್‌ಗಳಿಂದ ಸೋತೆವು. ಅದೇ ವರ್ಷ ಅನಿಲ್ ಕುಂಬ್ಳೆ ಮತ್ತು ಶ್ರೀನಾಥ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಚುಕ್ಕಾಣಿ ಹಿಡಿದರು. 2013-14 ಮತ್ತು 2014-15ರಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ಕಪ್‌ಗಳು ಬಂದವು. ನಾಯಕ ವಿನಯ್ ಕುಮಾರ್ ದಾವಣಗೆರೆಯವರು. ಕೋಚ್ ಜೆ. ಅರುಣ್ ಕುಮಾರ್ ಅದೇ ರಾಜ್ಯ ತಂಡಕ್ಕೆ ಆಡಿ ಬೆಳೆದವರು.

ತಾಳ್ಮೆ ಕೆಟ್ಟದ್ದು

ಆಮೇಲಿನ ವರ್ಷಗಳಲ್ಲಿ ಕೋಚ್ ಹುದ್ದೆ ಮತ್ತೆ ಮತ್ತೆ ಕೈ ಬದಲಾಯಿಸಿತು. 2017ರ ಡಿಸೆಂಬರ್‌ನಲ್ಲಿ ಈಡನ್ ಗಾರ್ಡನ್ಸ್‌ನ ಸೆಮಿಫೈನಲ್‌ನಲ್ಲಿ 198ರ ಗುರಿಗೆ 192ಕ್ಕೆ ಆಲೌಟ್ ಆದೆವು. ಎದುರಾಳಿ ವಿದರ್ಭ. ಅದರ ಬ್ಯಾಟಿಂಗ್‌ಗೆ ಬೆನ್ನೆಲುಬಾದವರಲ್ಲಿ ಕರ್ನಾಟಕ ಬಿಟ್ಟುಹೋದ ಗಣೇಶ್ ಸತೀಶ್ ಒಬ್ಬರು. ಮುಂದೆ 2019, 2020, 2023ರಲ್ಲೂ ಸೆಮಿಫೈನಲ್‌ನಲ್ಲೇ ಎಡವಿದೆವು.

2015ರ ಫೈನಲ್‌ನಲ್ಲಿ 328 ರನ್ ಹೊಡೆದು ಕಪ್ ತಂದ ಕರುಣ್ ನಾಯರ್‌ಗೆ 2022-23ರಲ್ಲಿ ರಾಜ್ಯ ತಂಡದಲ್ಲಿ ಜಾಗವಿರಲಿಲ್ಲ. ಅವರು ವಿದರ್ಭಕ್ಕೆ ಹೋದರು. 2024-25ರಲ್ಲಿ 863 ರನ್ ಗಳಿಸಿ ಆ ತಂಡಕ್ಕೆ ಮೂರನೇ ರಣಜಿ ಕಪ್ ತಂದುಕೊಟ್ಟರು. ಆಟಗಾರ ಸೋತಾಗ ಅವನ ತಪ್ಪನ್ನು ತಿದ್ದುವುದೇ ತರಬೇತಿ. ನಾವು ಕೈಬಿಟ್ಟವರನ್ನು ಇನ್ನೊಂದು ತಂಡ ತಿದ್ದಿ ನಿಲ್ಲಿಸಿತು.

ಬಳ್ಳಾರಿಗೆ ಉಳಿದದ್ದು

ಕ್ರಿಕೆಟ್ ಸಂಸ್ಥೆಯ ಲೆಕ್ಕದಲ್ಲಿ ಬಳ್ಳಾರಿ ರಾಯಚೂರು ವಲಯಕ್ಕೆ ಸೇರಿದೆ. ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ (ಕೆಪಿಎಲ್) ಊರಿನ ಹೆಸರಿಗೊಂದು ತಂಡವಿತ್ತು. 2019ರಲ್ಲಿ ಬಳ್ಳಾರಿ ಟಸ್ಕರ್ಸ್ ಪರ ಕೆ. ಗೌತಮ್ 56 ಎಸೆತಗಳಲ್ಲಿ 134 ರನ್ ಚಚ್ಚಿ, ಅದೇ ಪಂದ್ಯದಲ್ಲಿ 15 ರನ್‌ಗೆ 8 ವಿಕೆಟ್ ಕಿತ್ತರು. ಕೆಪಿಎಲ್ ಜಾಗದಲ್ಲಿ 2022ರಲ್ಲಿ ಆರಂಭವಾದ ಮಹಾರಾಜ ಟ್ರೋಫಿಯ ಆರು ತಂಡಗಳಲ್ಲಿ ಆ ಹೆಸರೂ ಉಳಿಯಲಿಲ್ಲ. ರಣಜಿ ಪಂದ್ಯಗಳು ಬೆಂಗಳೂರು, ಆಲೂರು, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗಗಳಲ್ಲಿ ನಡೆಯುತ್ತವೆ. ನಮ್ಮ ಹುಡುಗರು ಅವನ್ನು ಮೊಬೈಲ್‌ನಲ್ಲಿ ನೋಡುತ್ತಾರೆ.

ಬಳ್ಳಾರಿಯ ಬಿಸಿಲನ್ನು, ಮಣ್ಣನ್ನು ದೂರುವಂತಿಲ್ಲ. ತೋರಣಗಲ್ಲಿನ ಬಳಿಯ ವಿಜಯನಗರದಲ್ಲಿ 2018ರಲ್ಲಿ ತೆರೆದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಬಾಕ್ಸಿಂಗ್, ಕುಸ್ತಿ, ಜೂಡೊ, ಅಥ್ಲೆಟಿಕ್ಸ್‌ಗೆ ದೇಶದ ನಾನಾ ಕಡೆಯ ಮಕ್ಕಳು ಬರುತ್ತಾರೆ. ಟೋಕಿಯೋದಲ್ಲಿ ಚಿನ್ನ ಗೆಲ್ಲುವ ಮುನ್ನ ನೀರಜ್ ಚೋಪ್ರಾ ಅಭ್ಯಾಸ ಮಾಡಿದ್ದು ಇಲ್ಲಿಯೂ ಹೌದು. ಕೋಚ್, ಹಾಸ್ಟೆಲ್, ಫಿಸಿಯೋ ಒಂದೇ ಕಡೆ ಸಿಕ್ಕರೆ ಬಳ್ಳಾರಿಗೇ ಆಟಗಾರರು ಬರುತ್ತಾರೆ. ಕ್ರಿಕೆಟ್‌ನಲ್ಲಿ ಮಾತ್ರ ನಾವಿನ್ನೂ ಅದಿರನ್ನು ಕಚ್ಚಾ ಇರುವಾಗಲೇ ಲಾರಿಗೆ ತುಂಬಿ ಸಾಗಿಸುತ್ತಿದ್ದೇವೆ.

ಬೇಕಾಗಿರುವುದು ದೊಡ್ಡ ಸ್ಟೇಡಿಯಂ ಅಲ್ಲ. ಮ್ಯಾಟ್ ಮೇಲೆ ಕಲಿತ ಹುಡುಗ ಆಯ್ಕೆಯ ದಿನ ಮೊದಲ ಸಲ ಟರ್ಫ್ ತುಳಿಯಬಾರದು. ಅದಕ್ಕೆ ನಾಲ್ಕು ಟರ್ಫ್ ಪಿಚ್ ಸಾಕು. ಬೇಸಿಗೆ ಶಿಬಿರ ಮುಗಿದೊಡನೆ ಹೊರಡದ, ವರ್ಷವಿಡೀ ಸಂಬಳ ಪಡೆಯುವ ಕೋಚ್ ಬೇಕು. ಎರಡು ಇನ್ನಿಂಗ್ಸ್ ನೋಡಿ ಹುಡುಗನ ಹಣೆಬರಹ ಬರೆಯದೆ, ಮೂರು ವರ್ಷ ಅವನ ಬೆಳವಣಿಗೆ ದಾಖಲಿಸುವ ಆಯ್ಕೆಗಾರರು ಬೇಕು. ಇಷ್ಟನ್ನು ರಾಯಚೂರು ವಲಯಕ್ಕೆ ಕೊಡಲಿ. ಮುಂದಿನ ಯೆರೆ ಗೌಡ ಬೇರೆ ತಂಡ ಹುಡುಕಿಕೊಂಡು ಹೋಗಬೇಕಾಗದು.