ಸಂಶೋಧನೆಗೆ ಇನ್ನೊಂದು ವರ್ಷ ಬೇಕಂತೆ! ನೀವೇನು ಕೇಳಬೇಕು?

ರಾಮದುರ್ಗ ತಾಲ್ಲೂಕಿನ ಸಾಲಹಳ್ಳಿಯಲ್ಲಿ ನಿಮ್ಮ ಮನೆ ಎಂದಿಟ್ಟುಕೊಳ್ಳಿ. ಸೊಸೆ ಗರ್ಭಿಣಿಯಾಗಿದ್ದಾಗ ಯಾವುದೋ ವಿಶ್ವವಿದ್ಯಾಲಯದ ಸಂಶೋಧನಾ ತಂಡದವರು ಬಂದಿದ್ದರು. ತಾಯಿ ಮತ್ತು ಮಗುವಿನ ಆರೋಗ್ಯದ ಅಧ್ಯಯನ ನಡೆಯುತ್ತಿದೆ, ಮಗುವಿಗೆ ವರ್ಷ ತುಂಬುವವರೆಗೆ ಆಗಾಗ ಬಂದು ತೂಕ ನೋಡುತ್ತೇವೆ, ಎರಡು ಸಲ ರಕ್ತ ತೆಗೆಯುತ್ತೇವೆ ಎಂದು ವಿವರಿಸಿ ಸಮ್ಮತಿ ಪತ್ರಕ್ಕೆ ಸಹಿ ಮಾಡಿಸಿಕೊಂಡರು. ವರ್ಷ ತುಂಬಿತು. ಅವರು ಮತ್ತೆ ಬಂದಿದ್ದಾರೆ. ಯೋಜನೆಯ ಅವಧಿ ವಿಸ್ತರಣೆಯಾಗಿದೆ, ಇನ್ನೊಂದು ವರ್ಷ ಬರುತ್ತೇವೆ ಎನ್ನುತ್ತಾರೆ. 'ಒಂದ ವರ್ಷ ಅಂದಿದ್ರಲ್ರೀ ಅಕ್ಕಾರ, ಮತ್ಯಾಕ ಬಂದ್ರಿ?' ಎಂದು ಮನೆಯ ಹಿರಿಯರು ಕೇಳಿದರೆ ಅದರಲ್ಲಿ ತಪ್ಪೇನೂ ಇಲ್ಲ. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಉತ್ತರ ತಿಳಿಯುವ ಮೊದಲೇ ಬಾಗಿಲು ಹಾಕಿಬಿಡುವುದೂ ಸರಿಯಲ್ಲ.

ಇಂಥ ಸಂಶೋಧನೆಗಳು ಸಾಮಾನ್ಯವಾಗಿ ಪ್ರಾಯೋಜಿತ ಯೋಜನೆಗಳು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಂಥ (ಐಸಿಎಂಆರ್) ಸರ್ಕಾರಿ ಸಂಸ್ಥೆ, ಇಲ್ಲವೆ ವಿದೇಶದ ಸಂಸ್ಥೆಯೊಂದು ಇಷ್ಟು ವರ್ಷಕ್ಕೆ ಇಷ್ಟು ಹಣ ಎಂದು ಅನುದಾನ ಮಂಜೂರು ಮಾಡಿರುತ್ತದೆ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರು ಪ್ರಧಾನ ಸಂಶೋಧಕರಾಗಿ ಅದರ ಹೊಣೆ ಹೊರುತ್ತಾರೆ. ಗಡುವು ಮುಗಿಯುವಷ್ಟರಲ್ಲಿ ಕೆಲಸ ಮುಗಿಯದಿದ್ದರೆ ಹಣ ಕೊಟ್ಟವರಿಗೆ ಬರೆದು ಕಾಲಾವಕಾಶ ಕೇಳಬೇಕು. ಹೆಚ್ಚಿನ ಸಂದರ್ಭಗಳಲ್ಲಿ ಸಿಗುವುದು ಕಾಲ ಮಾತ್ರ, ಹೊಸ ಹಣವಲ್ಲ. ಕೈಯಲ್ಲಿ ಉಳಿದಿರುವುದರಲ್ಲೇ ಸಂಸಾರ ತೂಗಿಸಬೇಕು.

ಕಾಲ ಏಕೆ ಸಾಲುವುದಿಲ್ಲ? ಯೋಜನೆಯನ್ನು ಬರೆಯುವವರು ನಗರದಲ್ಲಿ ಕುಳಿತು ಬರೆಯುತ್ತಾರೆ, ಕೆಲಸ ನಡೆಯಬೇಕಾದದ್ದು ನಮ್ಮ ಹಳ್ಳಿಗಳಲ್ಲಿ. ಚೊಚ್ಚಲ ಹೆರಿಗೆಗೆ ಹೆಣ್ಣುಮಕ್ಕಳು ತವರಿಗೆ ಹೋಗುವುದು ನಮ್ಮಲ್ಲಿ ರೂಢಿ. ಸಾಲಹಳ್ಳಿಯಲ್ಲಿ ಹೆಸರು ಬರೆಸಿದ ಸೊಸೆ ಬಾಣಂತನಕ್ಕೆ ಸವದತ್ತಿಗೋ ಮುಧೋಳಕ್ಕೋ ಹೋದರೆ ಆರೇಳು ತಿಂಗಳು ತಂಡದವರಿಗೆ ಸಿಗುವುದಿಲ್ಲ. ಸುಗ್ಗಿಯ ಕಾಲದಲ್ಲಿ ಹಗಲು ಹೊತ್ತು ಮನೆಗಳಿಗೆ ಬೀಗ. ಕೆಲಸ ಹುಡುಕಿ ಗೋವಾ, ಮಹಾರಾಷ್ಟ್ರದ ಕಡೆ ಗುಳೆ ಹೋದ ಕುಟುಂಬ ಯಾವಾಗ ಹಿಂದಿರುಗುತ್ತದೆಂದು ಅವರಿಗೇ ಗೊತ್ತಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗ ತಾಲ್ಲೂಕಿನ ನದಿತೀರದ ಊರುಗಳು ನೀರಿನಲ್ಲಿ ನಿಂತವು. ಆರು ತಿಂಗಳು ಕಳೆದು ಜನ ಸುಧಾರಿಸಿಕೊಳ್ಳುವಷ್ಟರಲ್ಲಿ, 2020ರ ಮಾರ್ಚ್‌ನಲ್ಲಿ, ಕೊರೊನಾ ಲಾಕ್‌ಡೌನ್ ಬಂತು. ಅಂಥ ದಿನಗಳಲ್ಲಿ ಮಗುವಿನ ತೂಕ ನೋಡಲು ತಕ್ಕಡಿ ಹಿಡಿದು ಮನೆಮನೆಗೆ ಹೋಗುವುದು ಯಾರಿಂದ ಸಾಧ್ಯ? ಇದರ ಮೇಲೆ ಅನುದಾನದ ಕಂತು ತಡವಾಗುವುದು, ತರಬೇತಿ ಪಡೆದ ನರ್ಸ್ ಕಾಯಂ ಕೆಲಸ ಸಿಕ್ಕಿ ಹೊರಟುಹೋಗುವುದು ಇದ್ದದ್ದೇ.

'ಸಿಕ್ಕಷ್ಟು ಜನರನ್ನು ನೋಡಿ ಲೆಕ್ಕ ಮುಗಿಸಿದರಾಯಿತಲ್ಲ?' ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ.

2002ರ ಸೆಪ್ಟೆಂಬರ್‌ನಿಂದ 2005ರ ಡಿಸೆಂಬರ್‌ವರೆಗೆ, ಮೂರು ವರ್ಷಕ್ಕೂ ಮಿಗಿಲಾಗಿ, ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರೊಡನೆ ಸೇರಿ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ ಒಂದು ಅಧ್ಯಯನ ನಡೆಸಿದರು. ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದೆ ತಾಯಂದಿರು ಸಾಯುವುದನ್ನು ತಡೆಯಲು ಮಿಸೊಪ್ರೊಸ್ಟಾಲ್ ಎಂಬ ಗುಳಿಗೆ ನೆರವಾಗುತ್ತದೆಯೇ ಎಂಬುದು ಅಲ್ಲಿನ ಪ್ರಶ್ನೆ. ಮನೆಗಳಲ್ಲಿ, ಉಪಕೇಂದ್ರಗಳಲ್ಲಿ ಹೆರಿಗೆ ಮಾಡಿಸುತ್ತಿದ್ದ ಸಹಾಯಕ ದಾದಿಯರೇ ಗುಳಿಗೆ ಕೊಟ್ಟರು. ಒಟ್ಟು 1,620 ತಾಯಂದಿರು. 812 ಮಂದಿಗೆ ನಿಜವಾದ ಗುಳಿಗೆ, 808 ಮಂದಿಗೆ ಅದರಂತೆಯೇ ಕಾಣುವ, ಔಷಧಿ ಇಲ್ಲದ ಗುಳಿಗೆ. ಯಾರಿಗೆ ಯಾವುದೆಂಬುದು ಕೊಟ್ಟವರಿಗೂ ತಿಳಿದಿರಲಿಲ್ಲ. ಔಷಧಿ ಇಲ್ಲದ ಗುಂಪಿನಲ್ಲಿ ನೂರಕ್ಕೆ 12 ಮಂದಿಗೆ ಅತಿಯಾದ ರಕ್ತಸ್ರಾವವಾಯಿತು. ಔಷಧಿ ಪಡೆದವರಲ್ಲಿ ಅದು ನೂರಕ್ಕೆ 6.4ಕ್ಕೆ ಇಳಿಯಿತು. ಪ್ರಾಣಕ್ಕೇ ಸಂಚಕಾರ ತರುವಂಥ ತೀವ್ರ ರಕ್ತಸ್ರಾವ ಶೇಕಡ 1.2ರಿಂದ 0.2ಕ್ಕೆ ಬಂತು. 2006ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇದು ಪ್ರಕಟವಾಯಿತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ರಕ್ತಸ್ರಾವ ತಡೆಯಲು ಮಿಸೊಪ್ರೊಸ್ಟಾಲನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಆಕ್ಸಿಟೋಸಿನ್ ಚುಚ್ಚುಮದ್ದು ಸಿಗದ ಕಡೆ ಇಂದಿಗೂ ಇದೇ ಆಸರೆ. (ವೈದ್ಯರು ಅಥವಾ ತರಬೇತಿ ಪಡೆದ ದಾದಿಯರು ಕೊಡಬೇಕಾದ ಔಷಧಿ ಇದು. ಅಂಗಡಿಯಿಂದ ತಂದು ಮನೆಯಲ್ಲಿ ನುಂಗುವಂಥದ್ದಲ್ಲ.)

ಈಗ ಲೆಕ್ಕ ನೋಡಿ. 808 ಮಂದಿಯಲ್ಲಿ ಶೇಕಡ 1.2 ಎಂದರೆ ಸುಮಾರು ಹತ್ತು ತಾಯಂದಿರು. ಇನ್ನೊಂದು ಕಡೆ 812ರಲ್ಲಿ ಶೇಕಡ 0.2 ಎಂದರೆ ಇಬ್ಬರು. ಅರ್ಧಕ್ಕೇ ನಿಲ್ಲಿಸಿದ್ದರೆ ಒಂದು ಕಡೆ ಐದು, ಇನ್ನೊಂದು ಕಡೆ ಒಂದು ಎಂದಾಗುತ್ತಿತ್ತೇನೋ. ಐದಕ್ಕೂ ಒಂದಕ್ಕೂ ಇರುವ ಅಂತರ ಔಷಧಿಯಿಂದ ಬಂದದ್ದೇ, ಅದೃಷ್ಟದಿಂದ ಬಂದದ್ದೇ ಎಂದು ಯಾವ ವಿಜ್ಞಾನಿಯೂ ಧೈರ್ಯವಾಗಿ ಹೇಳಲಾರ. ಅಪರೂಪಕ್ಕೆ ಬರುವ ಅಪಾಯವನ್ನು ಅಳೆಯಬೇಕಾದರೆ ನೂರಾರು ಮಂದಿಯನ್ನು ಕೊನೆಯವರೆಗೂ ನೋಡಲೇಬೇಕು. ಸಂಖ್ಯೆ ತುಂಬದೆ ಕಡತ ಮುಚ್ಚಿದರೆ ಅಷ್ಟು ಹೊತ್ತಿಗೆ ಸೂಜಿ ಚುಚ್ಚಿಸಿಕೊಂಡವರ, ಗುಳಿಗೆ ನುಂಗಿದವರ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಹಾಗೆಂದು ಎಲ್ಲ ಸಂಶೋಧನೆಯೂ ಎಳೆದಾಡುತ್ತಾ ಹೋಗಬೇಕೆಂದಿಲ್ಲ. ಅವಧಿಗೆ ಮುನ್ನ ಹುಟ್ಟುವ ಮಕ್ಕಳನ್ನು ಉಳಿಸಲು ತಾಯಿಗೆ ಡೆಕ್ಸಾಮೆಥಾಸೋನ್ ಚುಚ್ಚುಮದ್ದು ಕೊಡುವ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ ಐದು ದೇಶಗಳಲ್ಲಿ 2017ರ ಕೊನೆಯಿಂದ ಅಧ್ಯಯನ ನಡೆಸಿತು. ಬೆಳಗಾವಿಯೂ ಅದರಲ್ಲೊಂದು ಕೇಂದ್ರ. 2,852 ತಾಯಂದಿರು ಸೇರುವ ಹೊತ್ತಿಗೆ ಲಾಭ ಸ್ಪಷ್ಟವಾಗಿ ಕಂಡಿದ್ದರಿಂದ, ನಡುವೆ ಲೆಕ್ಕ ಪರಿಶೀಲಿಸುವ ಸ್ವತಂತ್ರ ಸಮಿತಿಯ ಸಲಹೆಯಂತೆ, 2019ರಲ್ಲಿ ಅದನ್ನು ಉದ್ದೇಶಿಸಿದ್ದಕ್ಕಿಂತ ಮೊದಲೇ ನಿಲ್ಲಿಸಲಾಯಿತು.

ಇನ್ನು ಕಾಲಾವಕಾಶ ಕೋರುವ ಪತ್ರ. 'ಅನಿವಾರ್ಯ ಕಾರಣಗಳಿಂದ ಕೆಲಸ ತಡವಾಗಿದೆ, ದಯವಿಟ್ಟು ಒಂದು ವರ್ಷ ಕೊಡಿ' ಎಂಬ ಎರಡು ಸಾಲಿನ ಅರ್ಜಿಗೆ ಬೆಲೆ ಇಲ್ಲ, ಇರಲೂಬಾರದು. ಎಷ್ಟು ಜನರನ್ನು ಸೇರಿಸಬೇಕಿತ್ತು, ಎಷ್ಟು ಮಂದಿ ಸೇರಿದ್ದಾರೆ, ಎಷ್ಟು ಮಂದಿ ನಡುವೆ ಬಿಟ್ಟರು, ಯಾವ ತಿಂಗಳುಗಳಲ್ಲಿ ಕೆಲಸ ನಿಂತಿತು, ಏಕೆ ನಿಂತಿತು, ಉಳಿದದ್ದು ಯಾವ ತಿಂಗಳಿಗೆ ಮುಗಿಯುತ್ತದೆ ಎಂದು ಅದರಲ್ಲಿ ಬರೆಯಬೇಕು. ಪ್ರಗತಿ ವರದಿ, ಹಣ ಬಳಕೆ ಪ್ರಮಾಣಪತ್ರಗಳೂ ಜೊತೆಗಿರಬೇಕು. ಅದೂ ಗಡುವಿಗೆ ತಿಂಗಳುಗಳ ಮುಂಚೆ, ವಿಶ್ವವಿದ್ಯಾಲಯದ ಮುಖಾಂತರ. ಗಡುವು ದಾಟಿದ ಮೇಲೆ ಬರೆದರೆ ಖರ್ಚಿಗೆ ಮಂಜೂರಾತಿ ಸಿಗುವುದು ಕಷ್ಟ. ಹಣ ಮಿಕ್ಕಿದೆ ಎಂಬುದೊಂದೇ ಕಾರಣಕ್ಕೆ ಕಾಲ ಕೇಳುವವರೂ ಇದ್ದಾರೆ; ಅಂಥವರಿಗೆ ಕೊಡದಿರುವುದೇ ಮೇಲು. ನಿಮ್ಮ ಮಗನೋ ಮಗಳೋ ಇಂಥ ಯೋಜನೆಯಲ್ಲಿ ಸಹಾಯಕರಾಗಿದ್ದರೆ ಒಂದು ಮಾತು: ಅವಧಿ ಬೆಳೆದರೂ ಸಂಬಳದ ಬಾಬಿನಲ್ಲಿ ಹಣ ಉಳಿದಿದೆಯೇ ಎಂದು ಮೊದಲೇ ವಿಚಾರಿಸಲಿ.

ಹಣ ಕೊಟ್ಟವರು ಒಪ್ಪಿದರೆ ಸಾಲದು. ಮನುಷ್ಯರ ಮೇಲೆ ನಡೆಯುವ ಪ್ರತಿ ಸಂಶೋಧನೆಗೂ ಸಂಸ್ಥೆಯ ನೈತಿಕ ಸಮಿತಿ ಅನುಮತಿ ಕೊಟ್ಟಿರಬೇಕು. ಅವಧಿ ಬದಲಾದರೆ ಆ ಸಮಿತಿಯ ಒಪ್ಪಿಗೆಯನ್ನೂ ಪ್ರತ್ಯೇಕವಾಗಿ ಪಡೆಯಬೇಕು. ಇವೆರಡರ ಆಚೆಗೆ ಮೂರನೆಯದೊಂದಿದೆ, ನಿಮಗೆ ಮುಖ್ಯವಾದದ್ದು ಅದೇ. ಐಸಿಎಂಆರ್ 2017ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ, ಸಂಶೋಧನೆಗೆ ದೀರ್ಘಕಾಲದ ನಿಗಾ ಅಥವಾ ವಿಸ್ತರಣೆ ಬೇಕಾದಾಗ, ಭೇಟಿಗಳ ಸಂಖ್ಯೆಯೋ ನೀವು ಭಾಗವಹಿಸುವ ಅವಧಿಯೋ ಬದಲಾದಾಗ ನಿಮ್ಮಿಂದ ಮತ್ತೆ ಸಮ್ಮತಿ ಪಡೆಯಬೇಕು. ಹಳೆಯ ಸಹಿ ಹೊಸ ವರ್ಷಕ್ಕೆ ಸಲ್ಲುವುದಿಲ್ಲ.

ಆದ್ದರಿಂದ ತಂಡದವರನ್ನು ಕೂರಿಸಿ, ನೀರು ಕೊಟ್ಟು, ಬಿಡಿಸಿ ಕೇಳಿ. ಈ ವಿಸ್ತರಣೆ ಹೊಸಬರನ್ನು ಸೇರಿಸಿಕೊಳ್ಳಲೋ, ನಮ್ಮ ಮಗುವನ್ನೇ ಇನ್ನಷ್ಟು ದಿನ ನೋಡಲೋ, ಅಥವಾ ಬರೀ ಲೆಕ್ಕಪತ್ರ, ವರದಿ ಬರೆಯುವುದಕ್ಕೋ? ಮೊದಲನೆಯದೂ ಮೂರನೆಯದೂ ಆದರೆ ನಿಮ್ಮಿಂದ ಹೊಸದಾಗಿ ಏನೂ ಬೇಕಾಗಿಲ್ಲ. ಎರಡನೆಯದಾದರೆ ಎಷ್ಟು ಭೇಟಿ, ಎಷ್ಟು ಸಲ ರಕ್ತ, ಓಡಾಟದ ಖರ್ಚು ಯಾರದು, ಅಂದಿನ ಕೂಲಿ ತಪ್ಪಿದರೆ ಏನು ಎಂದು ಕೇಳಿ. ಔಷಧಿ ಪ್ರಯೋಗವಾಗಿದ್ದರೆ, ತೊಂದರೆಯಾದಾಗ ಚಿಕಿತ್ಸೆ ಮತ್ತು ಪರಿಹಾರಕ್ಕಾಗಿ ಮಾಡಿಸಿದ ವಿಮೆ ಹೊಸ ಅವಧಿಗೂ ಅನ್ವಯಿಸುತ್ತದೆಯೇ ಎಂಬುದನ್ನು ಮರೆಯದೆ ಕೇಳಿ. ಇದನ್ನು ಕೇಳುವವರು ಬಲು ಕಡಿಮೆ. ಸಮ್ಮತಿ ಪತ್ರ ಕನ್ನಡದಲ್ಲಿರಲಿ, ಅದರ ಒಂದು ಪ್ರತಿ ನಿಮ್ಮ ಕೈಗೆ ಬರಲಿ. ಓದು ಬಾರದವರು ಹೆಬ್ಬೆಟ್ಟು ಒತ್ತುವಾಗ ತಂಡಕ್ಕೆ ಸೇರದ ಸಾಕ್ಷಿಯೊಬ್ಬರು ಪಕ್ಕದಲ್ಲಿರಬೇಕು. ನೈತಿಕ ಸಮಿತಿಯ ದೂರವಾಣಿ ಸಂಖ್ಯೆ ಪತ್ರದಲ್ಲೇ ಇರುತ್ತದೆ. ಔಷಧಿ ಪ್ರಯೋಗಗಳ ವಿವರ ಭಾರತದ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿಯಲ್ಲಿ ಎಲ್ಲರಿಗೂ ಲಭ್ಯ. ಕಾಲೇಜಿಗೆ ಹೋಗುವ ಹುಡುಗರು ಮನೆಯಲ್ಲಿದ್ದರೆ ಮೊಬೈಲಿನಲ್ಲೇ ಹುಡುಕಿಕೊಟ್ಟಾರು.

ಎಲ್ಲ ಕೇಳಿದ ಮೇಲೂ ಬೇಡವೆನಿಸಿದರೆ 'ಸಾಕ್ರಿ' ಎನ್ನಬಹುದು. ಕಾರಣ ಹೇಳಬೇಕಾಗಿಲ್ಲ. ಅದರಿಂದ ಸರ್ಕಾರಿ ಆಸ್ಪತ್ರೆಯ ಚಿಕಿತ್ಸೆಯಾಗಲಿ, ಮಗುವಿನ ಲಸಿಕೆಯಾಗಲಿ ನಿಲ್ಲುವಂತಿಲ್ಲ. ನಿಲ್ಲುತ್ತದೆಂದು ಯಾರಾದರೂ ಹೆದರಿಸಿದರೆ ನೈತಿಕ ಸಮಿತಿಗೆ ದೂರು ಕೊಡಿ. ಪ್ರಯೋಗದ ಗುಳಿಗೆಯನ್ನು ದಿನವೂ ತೆಗೆದುಕೊಳ್ಳುತ್ತಿದ್ದರೆ ಮಾತ್ರ ತಟ್ಟನೆ ನಿಲ್ಲಿಸದೆ ವೈದ್ಯರನ್ನು ಕೇಳಿ ಬಿಡಿ. ಈಗಾಗಲೇ ಕೊಟ್ಟಿರುವ ರಕ್ತದ ಮಾದರಿಯನ್ನು ಇಟ್ಟುಕೊಳ್ಳಬೇಡಿ ಎಂದು ಕೇಳುವ ಹಕ್ಕೂ ನಿಮಗಿದೆ. ಹೆಸರಿನ ಗುರುತು ಪೂರ್ತಿ ಅಳಿಸಿಹೋಗಿದ್ದರೆ ಯಾವ ಸೀಸೆ ಯಾರದೆಂದು ಅವರಿಗೂ ತಿಳಿಯದು, ಆಗ ಅದು ಸಾಧ್ಯವಾಗುವುದಿಲ್ಲ.