ಪರದೇಶದ ಪಂಕ್ತಿಯಲ್ಲಿ

ಫಿನ್ಲೆಂಡ್ ದೇಶದ ಪೂರ್ವ ಭಾಗದಲ್ಲಿರುವ ಒಂದು ಪ್ರೌಢಶಾಲೆಯನ್ನು ವಾಚಕರು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಬೇಕು. ಬೆಳಗಿನ ಹನ್ನೊಂದು ಗಂಟೆ. ಮಕ್ಕಳೆಲ್ಲ ಊಟದ ಹಜಾರದಲ್ಲಿ ಸಾಲಾಗಿ ನಿಂತು, ತಟ್ಟೆ ಹಿಡಿದು, ತಮಗೆ ಬೇಕಾದುದನ್ನು ತಾವೇ ಬಡಿಸಿಕೊಳ್ಳುತ್ತಿದ್ದಾರೆ. ಆ ಸಾಲಿನಲ್ಲಿ ದಕ್ಷಿಣ ಇಟಲಿಯಿಂದ ಹಿಂದಿನ ದಿನವಷ್ಟೇ ಬಂದಿಳಿದ ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರೂ ಇದ್ದಾರೆ. ಎಲ್ಲರಿಗೂ ಹದಿನೈದರ ಆಸುಪಾಸಿನ ವಯಸ್ಸು. ಅವರಿಗೆ ಮೊದಲ ಆಶ್ಚರ್ಯ ಹೊತ್ತಿನದು. ತಮ್ಮ ಊರಿನಲ್ಲಿ ಒಂದೂವರೆಗೋ ಎರಡಕ್ಕೋ ಮಾಡುವ ಊಟವನ್ನು ಇಲ್ಲಿಯವರು ಇಷ್ಟು ಬೇಗ ಮಾಡುತ್ತಾರೆ. ಎರಡನೆಯದು ಲೋಟದ್ದು, ಮೀಸೆ ಮೂಡುತ್ತಿರುವ ಹುಡುಗರು ಕೂಡ ಊಟದೊಡನೆ ಹಾಲು ಕುಡಿಯುತ್ತಾರೆ. ಇಟಲಿಯವರ ಲೆಕ್ಕದಲ್ಲಿ ಹಾಲು ಬೆಳಗಿನ ಉಪಾಹಾರಕ್ಕೆ ಸೇರಿದ ವಸ್ತು. ಮೂರನೆಯ ಆಶ್ಚರ್ಯವೇ ದೊಡ್ಡದು: ಎಷ್ಟು ಹುಡುಕಿದರೂ ಹಣ ಕಟ್ಟುವ ಸ್ಥಳ ಕಾಣುವುದಿಲ್ಲ.

ನಮ್ಮ ಶಾಲೆಗಳ ಬಿಸಿಯೂಟವನ್ನು ಬಲ್ಲವರಿಗೆ ಈ ಮೂರನೆಯ ಸಂಗತಿಯನ್ನು ವಿವರಿಸಬೇಕಾಗಿಲ್ಲ. ಆದರೆ ಫಿನ್ಲೆಂಡಿನಲ್ಲಿ ಇದಕ್ಕೆ ಹಳೆಯ ಚರಿತ್ರೆಯುಂಟು. ಮಹಾಯುದ್ಧದ ಕಷ್ಟಕಾಲದಲ್ಲಿಯೇ, ೧೯೪೩ರಲ್ಲಿ, ಶಾಲೆಯ ಊಟದ ಕಾನೂನು ಅಲ್ಲಿ ಜಾರಿಯಾಯಿತು. ಊರ ಆಡಳಿತಗಳಿಗೆ ಐದು ವರ್ಷಗಳ ಅವಧಿ ಕೊಟ್ಟು, ೧೯೪೮ರಿಂದ ಬಡವ ಬಲ್ಲಿದರೆನ್ನದೆ ಎಲ್ಲ ಮಕ್ಕಳಿಗೂ ಊಟ ದೊರೆಯುವಂತಾಯಿತು. ಮೊದಮೊದಲು ಮಕ್ಕಳೇ ಕಾಡಿನ ಹಣ್ಣುಗಳನ್ನು ಆಯ್ದು ತಂದು ಶಾಲೆಯ ಅಡಿಗೆಮನೆಗೆ ಒಪ್ಪಿಸುತ್ತಿದ್ದುದೂ ಉಂಟು. ಈಗ ಬಡಿಸುವ ಮೇಜಿನ ಬಳಿ ಒಂದು ಮಾದರಿ ತಟ್ಟೆಯನ್ನು ಇಟ್ಟಿರುತ್ತಾರೆ. ಅದರಲ್ಲಿ ಅರ್ಧ ಭಾಗ ತರಕಾರಿ. ಉಳಿದರ್ಧದಲ್ಲಿ ಒಂದು ಪಾಲು ಆಲೂಗೆಡ್ಡೆಯೋ ಅನ್ನವೋ, ಇನ್ನೊಂದು ಪಾಲು ಮೀನು, ಮಾಂಸ ಇಲ್ಲವೆ ಕಾಳು. ಜೊತೆಗೆ ರೈ ಎಂಬ ಧಾನ್ಯದ ಕಪ್ಪು ರೊಟ್ಟಿ, ಕೆನೆ ತೆಗೆದ ಹಾಲು ಅಥವಾ ನಮ್ಮ ಮಜ್ಜಿಗೆಯ ನೆಂಟನಂತಿರುವ ಹುಳಿಹಾಲು. ಆ ದಿನ ಗುರುವಾರವಾಗಿದ್ದರೆ ಬಟಾಣಿಯ ಗಟ್ಟಿ ಸಾರು ಇರುವ ಸಂಭವ ಹೆಚ್ಚು. ಅದು ಆ ದೇಶದ ಹಳೆಯ ವಾಡಿಕೆ.

ಈ ಇಟಲಿಯ ಮಕ್ಕಳು ಇಷ್ಟು ದೂರ ಬಂದುದೇತಕ್ಕೆ? ಊಟ ಮಾಡುವುದಕ್ಕೆ ಎಂದರೆ ತಪ್ಪಾಗಲಾರದು.

ಯೂರೋಪಿನ ಒಕ್ಕೂಟವು ೧೯೮೭ರಲ್ಲಿ ಎರಾಸ್ಮಸ್ ಎಂಬ ಹೆಸರಿನ ಯೋಜನೆಯೊಂದನ್ನು ಆರಂಭಿಸಿತು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಒಂದು ದೇಶದಿಂದ ಮತ್ತೊಂದಕ್ಕೆ ಹೋಗಿ ಕೆಲಕಾಲ ಓದಿ ಬರಲಿ ಎಂಬುದು ಅದರ ಉದ್ದೇಶ. ೧೯೯೫ರಲ್ಲಿ ಶಾಲೆಗಳಿಗೂ ಅಂಥದೇ ಅನುಕೂಲ ಒದಗಿತು. ಅದಕ್ಕೆ ಹದಿನೇಳನೆಯ ಶತಮಾನದ ಮೊರೇವಿಯಾದ ಶಿಕ್ಷಣತಜ್ಞ ಕೊಮೆನಿಯಸನ ಹೆಸರಿಟ್ಟರು. ೨೦೧೪ರಲ್ಲಿ ಎಲ್ಲವನ್ನೂ ಒಂದೇ ಸೂರಿನಡಿ ತಂದು ಎರಾಸ್ಮಸ್ ಪ್ಲಸ್ ಎಂದು ಕರೆದರು. ಶಾಲೆಗಳ ಮಟ್ಟಿಗೆ ಇದು ನಡೆಯುವ ಬಗೆ ಸರಳ. ಮೂರು ನಾಲ್ಕು ದೇಶಗಳ ಶಾಲೆಗಳು ಒಂದು ವಿಷಯವನ್ನು ಆರಿಸಿಕೊಂಡು ಎರಡು ಮೂರು ವರ್ಷ ಕೂಡಿ ಕೆಲಸ ಮಾಡುತ್ತವೆ. ಸರದಿಯಂತೆ ಒಂದೊಂದು ಶಾಲೆ ಆತಿಥ್ಯ ವಹಿಸುತ್ತದೆ. ಬಂದ ಮಕ್ಕಳು ವಾರದ ಮಟ್ಟಿಗೆ ಆ ಊರಿನ ಸಹಪಾಠಿಗಳ ಮನೆಗಳಲ್ಲಿಯೇ ಉಳಿಯುವುದು ಅನೇಕ ಕಡೆ ರೂಢಿ. ಪ್ರಯಾಣದ ವೆಚ್ಚಕ್ಕೆ ಒಕ್ಕೂಟದ ಹಣ. ಅರ್ಜಿ, ವರದಿ, ಲೆಕ್ಕಪತ್ರಗಳ ಹೊರೆ ಯಾರೋ ಒಬ್ಬ ಉತ್ಸಾಹಿ ಉಪಾಧ್ಯಾಯರ ತಲೆಗೆ.

ಹೀಗೆ ಆರಿಸಿಕೊಳ್ಳುವ ವಿಷಯಗಳಲ್ಲಿ ಆರೋಗ್ಯಕರ ಆಹಾರ ವಿಹಾರವೆಂಬುದು ಮತ್ತೆ ಮತ್ತೆ ಕಾಣುವ ವಿಷಯ. ಅದಕ್ಕೆ ಲೌಕಿಕವಾದ ಒಂದು ಕಾರಣವಿದೆ: ನಾಲ್ಕು ಭಾಷೆಯ ಮಕ್ಕಳು ಹರಕುಮುರುಕು ಇಂಗ್ಲಿಷಿನಲ್ಲಿ ಮಾತನಾಡಬೇಕಾದಾಗ ರಾಜ್ಯಾಂಗದ ಚರ್ಚೆಗಿಂತ ರೊಟ್ಟಿಯ ಚರ್ಚೆ ಸುಲಭ. ಗಂಭೀರವಾದ ಕಾರಣವೂ ಇದೆ. ೧೯೮೨ರಲ್ಲಿ ಇಂಗ್ಲೆಂಡ್, ಫಿನ್ಲೆಂಡ್, ನಾರ್ವೆಗಳ ಸಂಶೋಧಕರು ಶಾಲೆಯ ಮಕ್ಕಳ ಆರೋಗ್ಯದ ನಡವಳಿಕೆಯನ್ನು ಕುರಿತು ಒಂದು ಸಮೀಕ್ಷೆಗೆ ತೊಡಗಿದರು. ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಲ್ಲಿ ನಾಲ್ಕು ವರ್ಷಗಳಿಗೊಮ್ಮೆ ನಡೆಯುವ ಈ ಸಮೀಕ್ಷೆ ಹನ್ನೊಂದು, ಹದಿಮೂರು, ಹದಿನೈದು ವಯಸ್ಸಿನವರನ್ನು ಪ್ರಶ್ನಿಸುತ್ತದೆ: ಬೆಳಿಗ್ಗೆ ಏನಾದರೂ ತಿಂದು ಶಾಲೆಗೆ ಬರುತ್ತೀರಾ? ಹಣ್ಣು ಎಷ್ಟು ದಿನಕ್ಕೊಮ್ಮೆ? ಸಿಹಿ ಪಾನೀಯ? ಆಟ? ಹನ್ನೊಂದರ ಮಗು ತಿನ್ನುತ್ತಿದ್ದ ಬೆಳಗಿನ ಉಪಾಹಾರವನ್ನು ಹದಿನೈದರ ಹುಡುಗಿ ಬಿಟ್ಟಿರುತ್ತಾಳೆ. ಆಟವೂ ಹಾಗೆಯೇ ಇಳಿಯುತ್ತದೆ. ದಿನಕ್ಕೆ ಸರಾಸರಿ ಅರವತ್ತು ನಿಮಿಷವಾದರೂ ಮೈ ಬಿಸಿಯಾಗುವಂತೆ ಓಡಿಯಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹದಿಹರೆಯದವರಲ್ಲಿ ಬಹುಪಾಲು ಮಂದಿ ಅದನ್ನು ಮುಟ್ಟುವುದಿಲ್ಲ.

ಇನ್ನು ಆ ಊಟದ ಹಜಾರಕ್ಕೆ ಹಿಂತಿರುಗೋಣ. ಫಿನ್ಲೆಂಡಿನ ಪೂರ್ವ ಭಾಗದವರೂ ದಕ್ಷಿಣ ಇಟಲಿಯವರೂ ಒಂದೇ ಮೇಜಿಗೆ ಕುಳಿತರೆ, ಆ ಮಕ್ಕಳಿಗೆ ತಿಳಿಯದಿದ್ದರೂ, ಆಹಾರಶಾಸ್ತ್ರದ ಒಂದು ದೊಡ್ಡ ಕಥೆಯ ಎರಡು ತುದಿಗಳು ಅಲ್ಲಿ ಸೇರಿದಂತಾಗುತ್ತದೆ. ೧೯೫೮ರಲ್ಲಿ ಅಮೆರಿಕದ ವಿಜ್ಞಾನಿ ಆನ್ಸೆಲ್ ಕೀಸ್ ಏಳು ದೇಶಗಳ ನಡುವಯಸ್ಸಿನ ಗಂಡಸರ ಆಹಾರವನ್ನೂ ಹೃದ್ರೋಗವನ್ನೂ ತೂಗಿ ನೋಡುವ ಅಧ್ಯಯನವನ್ನು ಆರಂಭಿಸಿದ. ಹನ್ನೆರಡು ಸಾವಿರಕ್ಕೂ ಮಿಕ್ಕಿ ಜನ ಅದಕ್ಕೆ ಒಳಪಟ್ಟರು. ಹೃದ್ರೋಗದ ಸಾವು ಅತಿ ಹೆಚ್ಚಾಗಿ ಕಂಡದ್ದು ಪೂರ್ವ ಫಿನ್ಲೆಂಡಿನಲ್ಲಿ. ಅತಿ ಕಡಿಮೆ ಕಂಡದ್ದು ಗ್ರೀಸಿನ ಕ್ರೀಟ್ ದ್ವೀಪದಲ್ಲಿ. ಒಂದು ಕಡೆ ಬೆಣ್ಣೆ, ಕೆನೆಹಾಲು, ಉಪ್ಪು, ಹೊಗೆಸೊಪ್ಪು. ಮತ್ತೊಂದು ಕಡೆ ಆಲಿವ್ ಎಣ್ಣೆ, ಒರಟು ರೊಟ್ಟಿ, ಕಾಡುಸೊಪ್ಪು, ಕಾಳು, ಮಾಂಸ ಅಪರೂಪಕ್ಕೆ. ಏಳು ದೇಶಗಳನ್ನು ಆರಿಸಿದ ಬಗೆಯನ್ನು ಕುರಿತು ವಿದ್ವಾಂಸರು ತಕರಾರು ತೆಗೆದದ್ದುಂಟು, ಇಂದಿಗೂ ತೆಗೆಯುವುದುಂಟು. ಕೀಸ್ ಮಾತ್ರ ಮೆಡಿಟರೇನಿಯನ್ ಊಟಕ್ಕೆ ಮನಸೋತು, ದಕ್ಷಿಣ ಇಟಲಿಯ ಚಿಲೆಂತೋ ಸೀಮೆಯ ಪಿಯೋಪ್ಪಿ ಎಂಬ ಕಡಲ ತೀರದ ಹಳ್ಳಿಯಲ್ಲಿ ಮನೆ ಮಾಡಿ ಬಹುಕಾಲ ಬಾಳಿದ. ಆತ ಬದುಕಿದ್ದು ನೂರು ವರ್ಷ.

ಇತ್ತ ಫಿನ್ಲೆಂಡಿನ ಉತ್ತರ ಕರೇಲಿಯಾ ಪ್ರಾಂತದವರು ಸುಮ್ಮನೆ ಕೂರಲಿಲ್ಲ. ನಡುವಯಸ್ಸಿನಲ್ಲೇ ಗಂಡಸರು ಉರುಳಿಬೀಳುವುದನ್ನು ಕಂಡು ಕಂಡು ಬೇಸತ್ತು, ಏನಾದರೂ ಮಾಡಿರೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದರು. ೧೯೭೨ರಲ್ಲಿ ಪೆಕ್ಕ ಪುಸ್ಕ ಎಂಬ ಯುವ ವೈದ್ಯನ ಮುಂದಾಳುತನದಲ್ಲಿ ಕೆಲಸ ಶುರುವಾಯಿತು. ಆ ಕೆಲಸ ಆಸ್ಪತ್ರೆಗಿಂತ ಅಡಿಗೆಮನೆಯಲ್ಲಿ ಹೆಚ್ಚು ನಡೆಯಿತೆನ್ನಬೇಕು. ಮಾರ್ತಾ ಸಂಘದ ಗೃಹಿಣಿಯರು ಊರೂರಿನಲ್ಲಿ ಕೂಟ ಸೇರಿಸಿ, ಹಳೆಯ ಅಡಿಗೆಗಳನ್ನೇ ಕೊಬ್ಬು ಇಳಿಸಿ, ತರಕಾರಿ ಏರಿಸಿ ಮಾಡಿ ಬಡಿಸಿದರು. ಹೈನಿನಿಂದ ಬದುಕುತ್ತಿದ್ದ ರೈತರಿಗೆ ಬೆರ್ರಿ ಹಣ್ಣುಗಳ ಬೇಸಾಯಕ್ಕೆ ಉತ್ತೇಜನ ದೊರಕಿತು. ಧೂಮಪಾನವೂ ತಗ್ಗಿತು, ಮುಂದೆ ಒಳ್ಳೆಯ ಔಷಧಿಗಳೂ ಬಂದವು. ಎಲ್ಲ ಕೀರ್ತಿಯನ್ನೂ ತಟ್ಟೆಗೇ ಕೊಡುವುದು ನ್ಯಾಯವಲ್ಲ. ಅಂತೂ ಕೆಲವು ದಶಕಗಳೊಳಗೆ ಆ ಪ್ರಾಂತದ ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದ್ರೋಗದ ಸಾವು ಶೇಕಡಾ ೮೦ರಷ್ಟು ಇಳಿಯಿತು.

ದಕ್ಷಿಣದಲ್ಲಿ ಆದದ್ದು ಇದಕ್ಕೆ ತಿರುಗುಮುರುಗು. ೨೦೧೦ರಲ್ಲಿ ಯುನೆಸ್ಕೊ ಸಂಸ್ಥೆ ಮೆಡಿಟರೇನಿಯನ್ ಆಹಾರ ಪದ್ಧತಿಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿ ಗೌರವಿಸಿತು. ಚಿಲೆಂತೋ ಸೀಮೆಯ ಹೆಸರೂ ಅದರಲ್ಲಿದೆ. ಆ ಹೊತ್ತಿಗೆ ಅದೇ ಸಮುದ್ರದ ಸುತ್ತಲಿನ ಮಕ್ಕಳು ಅಜ್ಜಿಯ ಕಾಳಿನ ಸಾರನ್ನು ಬಿಟ್ಟು ಬಹುದೂರ ಬಂದಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಯೂರೋಪ್ ಶಾಖೆ ೨೦೧೫ರಿಂದ ೨೦೧೭ರವರೆಗೆ ಚಿಕ್ಕ ಮಕ್ಕಳ ಎತ್ತರ ತೂಕಗಳನ್ನು ಅಳೆಸಿದಾಗ, ಇಟಲಿ, ಗ್ರೀಸ್, ಸ್ಪೇನ್, ಸೈಪ್ರಸ್‌ಗಳಲ್ಲಿ ಸುಮಾರು ಐವರು ಹುಡುಗರಲ್ಲಿ ಒಬ್ಬ ಅತಿಬೊಜ್ಜಿನವನೆಂದು ಕಂಡಿತು. ಜಗತ್ತಿಗೆ ಊಟ ಕಲಿಸಿದ ನಾಡುಗಳೇ ಆ ಪಟ್ಟಿಯ ತುದಿಯಲ್ಲಿದ್ದವು.

ಆದುದರಿಂದ ಈ ಮಕ್ಕಳ ವಿನಿಮಯದಲ್ಲಿ ಗುರು ಯಾರು, ಶಿಷ್ಯ ಯಾರು ಎಂದು ಹೇಳುವುದು ಕಷ್ಟ. ಪ್ರಯಾಣಕ್ಕೆ ಮುಂಚೆ ಮಕ್ಕಳಿಗೆ ಕೊಡುವ ಒಂದು ಕೆಲಸ ನನಗೆ ಬಹಳ ಹಿಡಿಸಿತು: ನಿಮ್ಮ ಮನೆಯ ಹಳೆಯ ಅಡಿಗೆಯೊಂದನ್ನು ಕೇಳಿ ಬರೆದು ತನ್ನಿ. ಹುಡುಗ ಅಮ್ಮನನ್ನು ಕೇಳುತ್ತಾನೆ. ಅಮ್ಮ, ಅಜ್ಜಿಯನ್ನು ಕೇಳು ಎನ್ನುತ್ತಾಳೆ. ಅಳತೆ ಇಲ್ಲದ ಅಜ್ಜಿಯ ಅಡಿಗೆಯನ್ನು ಅಳತೆಗೆ ಇಳಿಸುವಷ್ಟರಲ್ಲಿ ಅವನು ಮೂರು ಸಲ ಒಲೆಯ ಮುಂದೆ ನಿಲ್ಲಬೇಕಾಗುತ್ತದೆ. ಹುರುಳಿಕಾಯಿಯ ಬೀಜ ಹಾಕಿದ ಇಟಲಿಯ ಪಾಸ್ತಾ ಸಾರನ್ನೂ ಫಿನ್ಲೆಂಡಿನ ಬಟಾಣಿ ಸಾರನ್ನೂ ಅಕ್ಕಪಕ್ಕ ಇಟ್ಟಾಗ ಎರಡೂ ಬಡವರ ಮನೆಯ ಕಾಳಡಿಗೆಗಳೇ ಎಂಬುದು ಯಾವ ಉಪನ್ಯಾಸವಿಲ್ಲದೆಯೂ ಗೊತ್ತಾಗುತ್ತದೆ.

ಮನೆಗಳಲ್ಲಿ ಉಳಿಯುವುದರಿಂದ ಆಗುವ ಲಾಭ ಇನ್ನೂ ಹೆಚ್ಚಿನದು. ಫಿನ್ಲೆಂಡಿನ ಮನೆಯಲ್ಲಿ ಸಂಜೆ ಐದಕ್ಕೆಲ್ಲ ಊಟ ಮುಗಿದು, ಚಳಿಯಲ್ಲೂ ಮಕ್ಕಳು ಹೊರಗೆ ಹೋಗುವುದನ್ನು ಇಟಲಿಯ ಅತಿಥಿ ಕಾಣುತ್ತಾನೆ. ಇಟಲಿಯ ಮನೆಯಲ್ಲಿ ರಾತ್ರಿ ಎಂಟಕ್ಕೋ ಒಂಬತ್ತಕ್ಕೋ ಎಲ್ಲರೂ ಕೂಡಿ ಕುಳಿತು, ಮಾತನಾಡುತ್ತ, ನಿಧಾನವಾಗಿ ಉಣ್ಣುವುದನ್ನು ಫಿನ್ಲೆಂಡಿನ ಅತಿಥಿ ಕಾಣುತ್ತಾಳೆ. ಡಯಟ್ ಎಂಬ ಶಬ್ದದ ಮೂಲವಾದ ಗ್ರೀಕಿನ ಡಯೈಟಾ ಎಂಬ ಮಾತಿಗೆ ಬಾಳುವ ರೀತಿ ಎಂದು ಅರ್ಥ. ನಮ್ಮ ಹಿರಿಯರು ಆಹಾರ ವಿಹಾರಗಳನ್ನು ಒಂದೇ ಉಸಿರಿನಲ್ಲಿ ಹೇಳಿದಂತೆ.

ಶಾಲೆಯ ಹೊತ್ತಿನಲ್ಲಿ ನಡೆಯುವ ಕಾರ್ಯಕ್ರಮಗಳನ್ನು ಎಣಿಸಿ ಹೇಳಬೇಕಾದ್ದಿಲ್ಲ: ವಾರದ ಊಟದ ದಿನಚರಿ, ತೋಟದ ಭೇಟಿ, ಎಣ್ಣೆಯ ಗಾಣದ ಭೇಟಿ, ಒಟ್ಟಿಗೆ ಅಡಿಗೆ, ಕಾಲ್ನಡಿಗೆ. ಒಂದನ್ನು ಮಾತ್ರ ಹೇಳುತ್ತೇನೆ. ೩೩೦ ಮಿಲಿಲೀಟರಿನ ಕೋಲಾ ಡಬ್ಬಿಯಲ್ಲಿ ಸುಮಾರು ೩೫ ಗ್ರಾಂ ಸಕ್ಕರೆ ಇರುತ್ತದೆ. ಎರಡು ಸಾವಿರ ಕ್ಯಾಲೊರಿ ಬೇಕಾಗುವ ಒಬ್ಬರು ದಿನವಿಡೀ ಸೇರಿ ೫೦ ಗ್ರಾಮಿಗಿಂತ ಕಡಿಮೆ ಸಕ್ಕರೆ ತಿನ್ನಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಇದನ್ನು ಹಲಗೆಯ ಮೇಲೆ ಬರೆದರೆ ಯಾರೂ ಓದುವುದಿಲ್ಲ. ತಕ್ಕಡಿ ತಂದು, ಸಕ್ಕರೆಯನ್ನು ತೂಗಿ, ಡಬ್ಬಿಯ ಪಕ್ಕದಲ್ಲಿ ರಾಶಿ ಹಾಕಿಸಿದರೆ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಷ್ಟಾದರೂ ಕೊನೆಗೆ ಇವರೆಲ್ಲ ಸೇರಿ ಅಚ್ಚು ಹಾಕಿಸುವ ಅಡಿಗೆಯ ಪುಸ್ತಕದಲ್ಲಿ ಸಿಹಿತಿಂಡಿಗಳೇ ಮುಕ್ಕಾಲು ಪಾಲು ಬಂದುಬಿಟ್ಟರೆ ಆಶ್ಚರ್ಯಪಡಬೇಕಾದ್ದಿಲ್ಲ. ಅತಿಥಿಗೆ ಸೊಪ್ಪು ಬಡಿಸಿ ಕಳುಹಿಸುವ ತಾಯಿ ಯಾವ ದೇಶದಲ್ಲಿಯೂ ಇರಲಾರಳು.

ಉಪಾಧ್ಯಾಯರು ಎಚ್ಚರದಿಂದಿರಬೇಕಾದ ಒಂದು ವಿಷಯವುಂಟು. ಸಕ್ಕರೆಯನ್ನು ತೂಗಬಹುದು, ಮಕ್ಕಳನ್ನು ಎಲ್ಲರೆದುರು ತೂಗಬಾರದು. ತೂಕ ಸರಿಯಾಗಿದ್ದರೂ ತಾವು ದಪ್ಪವೆಂದು ಕೊರಗುವ ಹದಿಹರೆಯದ ಹುಡುಗಿಯರು ಬಹುಮಂದಿ ಇದ್ದಾರೆಂಬುದನ್ನು ನಾನು ಮೇಲೆ ಹೇಳಿದ ಸಮೀಕ್ಷೆಯೇ ತೋರಿಸಿದೆ. ಒಳ್ಳೆಯ ಊಟವನ್ನು ಕುರಿತ ಪಾಠ ಅಂಥವಳ ಕಿವಿಗೆ ಉಪವಾಸದ ಬೋಧೆಯಾಗಿ ಕೇಳಿಬಿಟ್ಟರೆ ಲಾಭಕ್ಕಿಂತ ಕೇಡು ಹೆಚ್ಚು. ಬಲ್ಲ ಉಪಾಧ್ಯಾಯರು ಮೈಯ ಮಾತನ್ನು ಬಿಟ್ಟು, ರುಚಿ, ಹಸಿವು, ನಿದ್ರೆ, ಆಟಗಳ ಮಾತನ್ನು ಆಡುತ್ತಾರೆ.

ಒಂದು ವಾರದ ಪ್ರವಾಸದಿಂದ ಏನಾದೀತು ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಅತಿಥಿಯನ್ನು ಮನೆಯಲ್ಲಿಟ್ಟುಕೊಳ್ಳಲು ಒಂದು ಕೋಣೆ ಬೇಕು. ಅನುಕೂಲಸ್ಥರ ಮಕ್ಕಳೇ ಇಂಥ ಅವಕಾಶಕ್ಕೆ ಮೊದಲು ಕೈಚಾಚುತ್ತಾರೆ. ಬೆಳಗಿನ ಉಪಾಹಾರ ತಪ್ಪುವುದು, ಹಣ್ಣು ಅಪರೂಪವಾಗುವುದು ಬಡವರ ಮಕ್ಕಳಲ್ಲೇ ಹೆಚ್ಚು. ಹಿಂದುಳಿದ ಮಕ್ಕಳಿಗೆಂದು ಎರಾಸ್ಮಸ್ ಪ್ಲಸ್ ಯೋಜನೆಯಲ್ಲಿ ವಿಶೇಷ ಸಹಾಯವನ್ನು ಇಟ್ಟಿರುವುದು ಇದಕ್ಕಾಗಿಯೇ. ೨೦೦೫ರಿಂದ ಇರುವ ಈ-ಟ್ವಿನ್ನಿಂಗ್ ಎಂಬ ಏರ್ಪಾಡಿನಲ್ಲಿ, ಯಾವ ಖರ್ಚೂ ಇಲ್ಲದೆ, ಕಂಪ್ಯೂಟರಿನ ಮೂಲಕವೇ ಎರಡು ತರಗತಿಗಳು ಸೇರಿ ಕೆಲಸ ಮಾಡಬಹುದು. ಅದರಲ್ಲಿ ಬಟಾಣಿ ಸಾರಿನ ಚಿತ್ರ ಬರುತ್ತದೆ, ಸಾರು ಬರುವುದಿಲ್ಲ. ಆದರೂ ಏನೂ ಇಲ್ಲದುದಕ್ಕಿಂತ ಮೇಲು.

ನನ್ನ ಮಟ್ಟಿಗೆ ಹೇಳುವುದಾದರೆ, ಹುಡುಗರು ಊರಿಗೆ ಹಿಂತಿರುಗಿದ ಮೇಲೆ ಕೇಳುವ ಪ್ರಶ್ನೆಗಳನ್ನು ನೋಡಬೇಕು. ಇಂಥ ಕೂಟದಲ್ಲಿ ಮೂರನೆಯ ಶಾಲೆ ಫ್ರಾನ್ಸಿನದಾಗಿದ್ದರೆ, ಅಲ್ಲಿಯ ಶಾಲೆಯ ಮೊಗಸಾಲೆಯಲ್ಲಿ ನಾಣ್ಯ ಹಾಕಿದರೆ ಸಿಹಿ ಪಾನೀಯ, ಚಾಕೊಲೇಟು ಉದುರಿಸುವ ಯಂತ್ರಗಳು ಕಾಣುವುದಿಲ್ಲ. ಆ ದೇಶ ೨೦೦೫ರ ಸೆಪ್ಟೆಂಬರಿನಿಂದ ಅವನ್ನು ಕಾನೂನಿನ ಮೂಲಕ ಶಾಲೆಗಳಿಂದ ಹೊರಗೆ ಹಾಕಿದೆ. ಅದನ್ನು ಕಂಡು ಬಂದ ಹುಡುಗಿ ತನ್ನ ಶಾಲೆಯಲ್ಲಿ ಅಂಥ ಯಂತ್ರದ ಮುಂದೆ ನಿಂತು, ಅಲ್ಲಿ ಇಲ್ಲದ್ದು ಇಲ್ಲೇಕೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳುತ್ತಾಳೆ. ಯಂತ್ರದಿಂದ ಶಾಲೆಗೆ ಒಂದಿಷ್ಟು ಆದಾಯ ಬರುತ್ತಿದ್ದರೆ ಅವರು ಉತ್ತರ ಕೊಡುವ ಮುಂಚೆ ಕೆಮ್ಮಬೇಕಾಗುತ್ತದೆ. ಮಾರನೆಯ ದಿನ ಅದೇ ಪ್ರಶ್ನೆಯನ್ನು ತೆಗೆದುಕೊಂಡು ಇನ್ನಿಬ್ಬರು ಬರುತ್ತಾರೆ.